ಒಡವೆಯ ಝಕಾತ್: ದಾವಣಗೆರೆಯ ತಕ್ಕಡಿ, ಸಿಂಗಾಪುರದ ತಕ್ಕಡಿ

ಧರಿಸುವ ಒಡವೆಗೆ ಝಕಾತ್ (ಉಳ್ಳ ಮುಸ್ಲಿಮರು ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನ) ಕೊಡಬೇಕೇ ಎಂದು ದಾವಣಗೆರೆಯ ಆಜಾದ್ ನಗರದಲ್ಲಿ ಕೇಳಿದರೆ, ಕೊಡದೆ ಏನು ಮಾಡುತ್ತೀರಿ ಎಂಬಂತೆ ನಮ್ಮನ್ನೇ ನೋಡುತ್ತಾರೆ. ನಾನೀಗ ಸಂಸಾರ ಹೂಡಿರುವ ಸಿಂಗಾಪುರದಲ್ಲಿ ಝಕಾತ್ ಸಂಗ್ರಹಿಸುವುದು ಮುಯಿಸ್ ಎಂಬ ಧಾರ್ಮಿಕ ಮಂಡಳಿ. ಅದರ ಪ್ರಕಾರ ಧರಿಸುವ ಚಿನ್ನ 860 ಗ್ರಾಂ ಮೀರಿದರೆ ಮಾತ್ರ, ಅದೂ ಮೀರಿದಷ್ಟಕ್ಕೆ ಮಾತ್ರ, ಝಕಾತ್. ಮುಕ್ಕಾಲು ಕಿಲೋ ಚಿನ್ನವಿದ್ದರೂ ಒಂದು ಗುಂಜಿಯಷ್ಟೂ ಕೊಡಬೇಕಾಗಿಲ್ಲ!

ಕಾರಣ ಪಂಥಭೇದ. ಧರಿಸುವ ಒಡವೆಗೂ ಝಕಾತ್ ಉಂಟು ಎನ್ನುವುದು ಹನಫಿ ಪಂಥ, ವಾಡಿಕೆಯಷ್ಟು ಧರಿಸುವುದಕ್ಕೆ ಬೇಡ ಎನ್ನುವುದು ಶಾಫಿ ಪಂಥ. ನಮ್ಮ ಕಡೆಯ ದಖ್ಖನಿ ಮನೆಗಳು ಹನಫಿ, ಇಲ್ಲಿನ ಮಲಯರು ಶಾಫಿ. ಇದಕ್ಕಾಗಿ ಸಮುದ್ರ ದಾಟಬೇಕಾಗಿಯೂ ಇಲ್ಲ. ಘಟ್ಟ ಇಳಿದರೆ ಭಟ್ಕಳದವರೂ ಮಂಗಳೂರಿನ ಬ್ಯಾರಿಗಳೂ ಶಾಫಿಗಳೇ. ಮಗಳ ಕೈಗೆ ದಪ್ಪ ಬಳೆ ತೊಡಿಸಿಕೊಂಡು ಬಂದ ಹೆಂಗಸನ್ನು ಪ್ರವಾದಿಯವರು, ಇದರ ಝಕಾತ್ ಕೊಟ್ಟಿದ್ದೀಯಾ ಎಂದು ಕೇಳಿದ ಹದೀಸನ್ನು ಹನಫಿಗಳು ಮುಂದಿಡುತ್ತಾರೆ. ಪ್ರವಾದಿಯವರ ಪತ್ನಿ ಹಜರತ್ ಆಯಿಷಾ ತಮ್ಮ ಆರೈಕೆಯಲ್ಲಿದ್ದ ಸಹೋದರನ ಹೆಣ್ಣುಮಕ್ಕಳ ಒಡವೆಗೆ ಝಕಾತ್ ತೆಗೆಯುತ್ತಿರಲಿಲ್ಲ ಎಂಬುದನ್ನು ಉಳಿದವರು ಮುಂದಿಡುತ್ತಾರೆ. ಎರಡಕ್ಕೂ ಆಧಾರವಿದೆ, ಜಗಳವಾಡುವುದು ಬೇಡ.

ಆದರೆ ನಮ್ಮೂರಿನ ಚಿನ್ನ ಎಂಥದ್ದು ಎಂಬುದನ್ನು ನೋಡಬೇಕು. ನಿಕಾಹ್‌ಗೆ ಹಾಕಿದ ನೆಕ್ಲೇಸು ವರ್ಷದಲ್ಲಿ ಎಷ್ಟು ಸಲ ಬೀರುವಿನಿಂದ ಹೊರಬರುತ್ತದೆ? ಮಗನ ಕಾಲೇಜು ಶುಲ್ಕ ಕಟ್ಟುವಾಗ, ಯಾರಿಗಾದರೂ ಆಪರೇಷನ್ ಆದಾಗ ಬರುತ್ತದೆ, ಅದೂ ಗಿರವಿ ಅಂಗಡಿಗೆ. ಇದು ಠೇವಣಿ. ಬ್ಯಾಂಕಿನ ಠೇವಣಿಗೆ ಝಕಾತ್ ಕೊಟ್ಟು, ಕೊರಳಿನದ್ದಕ್ಕೆ ಬೇಡ ಎನ್ನುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಸಿಂಗಾಪುರದ ರಿಯಾಯಿತಿ ಕೈಗೆಟುಕುವಂತಿದ್ದರೂ ನಾನು ಹನಫಿ ಲೆಕ್ಕವನ್ನೇ ಹಿಡಿದಿದ್ದೇನೆ.

ಲೆಕ್ಕವೇನೂ ಕಷ್ಟವಲ್ಲ, ತೂಕದಲ್ಲಿ ಮಾತ್ರ ಎಚ್ಚರ ಬೇಕು. ಇಷ್ಟಿದ್ದರೆ ಝಕಾತ್ ಕಡ್ಡಾಯ ಎನ್ನುವ ಕನಿಷ್ಠ ಮಿತಿಗೆ ನಿಸಾಬ್ ಎನ್ನುತ್ತಾರೆ. ಚಿನ್ನದ ನಿಸಾಬ್ ಏಳೂವರೆ ತೊಲ. ಅದು 11.664 ಗ್ರಾಮಿನ ಹಳೆಯ ತೊಲ, ಒಟ್ಟು 87.48 ಗ್ರಾಂ. ಅಂಗಡಿಗಳಲ್ಲಿ ಈಗ ಹತ್ತು ಗ್ರಾಮಿಗೇ ತೊಲ ಎನ್ನುವುದರಿಂದ ಎಷ್ಟೋ ಮನೆಗಳಲ್ಲಿ 75 ಗ್ರಾಮಿಗೇ ನಿಸಾಬ್ ತುಂಬಿಬಿಡುತ್ತದೆ. ಲಚ್ಛಾ ಸರವನ್ನು ಹಾಗೆಯೇ ತೂಗಿದರೆ ಕರಿಮಣಿಯ ತೂಕವೂ ಸೇರುತ್ತದೆ. ಹಳೆಯ ಟೊಳ್ಳು ಬಳೆಯೊಳಗೆ ಅರಗು ಇರುತ್ತದೆ, ಝುಮಕಿಯಲ್ಲಿ ಹರಳು. ಇವನ್ನೆಲ್ಲ ಕಳೆದು ಎಷ್ಟು ಉಳಿಯುತ್ತದೆ ಎಂದು ಅನುಭವಿ ಅಕ್ಕಸಾಲಿಗ ಹೇಳಬಲ್ಲ. ಚಾಂದ್ರಮಾನ ವರ್ಷ ತುಂಬಿದ ದಿನ ಇರುವುದು 140 ಗ್ರಾಂ ಎಂದಾದರೆ ನಲವತ್ತರಲ್ಲಿ ಒಂದು ಪಾಲು, ಅಂದರೆ ಮೂರೂವರೆ ಗ್ರಾಂ. 916 ಮುದ್ರೆಯದಾದರೆ ಆ ದಿನದ 22 ಕ್ಯಾರೆಟ್ ಧಾರಣೆ ಹಿಡಿದು ಹಣ ಕೊಟ್ಟರಾಯಿತು. ಮಜೂರಿ, ವೇಸ್ಟೇಜ್ ಸೇರಿಸಬೇಕಾಗಿಲ್ಲ.

ಕೂಡುಕುಟುಂಬದಲ್ಲಿ ಅತ್ತೆಯ ಲಾಕರಿನಲ್ಲಿ ಮೂವರು ಸೊಸೆಯರ ಒಡವೆ ಇದ್ದರೂ ನಿಸಾಬ್ ನೋಡುವುದು ಒಬ್ಬೊಬ್ಬರದ್ದು ಬೇರೆ ಬೇರೆಯಾಗಿ. ಯಾವ ಬಳೆ ಯಾರದ್ದು ಎಂದು ಬಾಯಿಬಿಟ್ಟು ಹೇಳಬೇಕಾಗುವುದು ಆಗಲೇ. ಕೆಲವು ಮನೆಗಳಲ್ಲಿ ಝಕಾತಿಗಿಂತ ಈ ಮಾತೇ ಭಾರ.

ನನ್ನ ತಕರಾರು ಇರುವುದು ಬೆಳ್ಳಿಯ ವಿಷಯದಲ್ಲಿ. ಬೆಳ್ಳಿಯ ನಿಸಾಬ್ ಐವತ್ತೆರಡೂವರೆ ತೊಲ, 612 ಗ್ರಾಂ. ಪ್ರವಾದಿಯವರ ಕಾಲದಲ್ಲಿ ಒಂದು ದೀನಾರಿಗೆ ಸುಮಾರು ಹತ್ತು ದಿರ್ಹಮ್ ಇದ್ದುದರಿಂದ ಚಿನ್ನದ ನಿಸಾಬಾದ ಇಪ್ಪತ್ತು ದೀನಾರೂ ಬೆಳ್ಳಿಯ ನಿಸಾಬಾದ ಇನ್ನೂರು ದಿರ್ಹಮೂ ಆಗ ಹೆಚ್ಚುಕಡಿಮೆ ಒಂದೇ ಬೆಲೆ. ಈಗ ಅಷ್ಟು ಬೆಳ್ಳಿಯ ಬೆಲೆಯನ್ನು ಎರಡು ತೊಲ ಚಿನ್ನವೇ ದಾಟುತ್ತದೆ. ಚಿನ್ನದ ಜೊತೆ ಸ್ವಲ್ಪ ನಗದೋ ಬೆಳ್ಳಿಯೋ ಇದ್ದರೆ ಎಲ್ಲವನ್ನೂ ಕೂಡಿಸಿ ಬೆಳ್ಳಿಯ ನಿಸಾಬಿಗೆ ಹೋಲಿಸುವುದು ನಮ್ಮ ಕಡೆಯ ರೂಢಿ. ಹೀಗಾಗಿ ಬರಿಯ ಏಳು ತೊಲ ಚಿನ್ನವಿದ್ದು ಕೈಯಲ್ಲಿ ಬಿಡಿಗಾಸೂ ಇಲ್ಲದವಳು ಕೊಡಬೇಕಾಗಿಲ್ಲ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿದು ಎರಡು ತೊಲದ ಸರ ಮಾಡಿಸಿಕೊಂಡು, ಸೆರಗಿನ ಗಂಟಿನಲ್ಲಿ ಐನೂರು ರೂಪಾಯಿ ಉಳಿಸಿಕೊಂಡವಳು ಕೊಡಬೇಕು! ಕೊಡುವುದಷ್ಟೇ ಅಲ್ಲ, ನಿಸಾಬ್ ಇದ್ದವರು ಝಕಾತ್ ಪಡೆಯುವಂತಿಲ್ಲ. ಗಂಡ ಸತ್ತವಳೊಬ್ಬಳು ಕಿವಿಯ ಝುಮಕಿಯನ್ನೂ ಆ ಸರವನ್ನೂ ಮಾರದೆ ಇಟ್ಟುಕೊಂಡಿದ್ದಾಳೆ ಎಂಬ ಕಾರಣಕ್ಕೆ ರಂಜಾನಿನ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಸಂಘದ ಸಾಲವಿದ್ದರೆ ಅದನ್ನು ಕಳೆದು ನೋಡಬೇಕೆಂಬುದು ಹನಫಿ ಲೆಕ್ಕದಲ್ಲೇ ಇದೆ, ಆದರೆ ಅವಳ ಸಾಲದ ಪುಸ್ತಕವನ್ನು ಕೇಳುವವರು ಯಾರು?

ಸಿಂಗಾಪುರದಲ್ಲಿ ನಗದು ಉಳಿತಾಯಕ್ಕೂ 86 ಗ್ರಾಂ ಚಿನ್ನದ ಬೆಲೆಯೇ ನಿಸಾಬ್. ಈ ಒಂದು ವಿಷಯದಲ್ಲಿ ಅವರ ತಕ್ಕಡಿಯನ್ನು ದಾವಣಗೆರೆಗೆ ತರಬೇಕೆಂಬುದು ನನ್ನ ವಾದ. ಊರಿನ ಮೌಲ್ವಿ ಸಾಹೇಬರೊಬ್ಬರಿಗೆ ಫೋನಿನಲ್ಲಿ ಹೇಳಿದೆ. "ಬೆಳ್ಳಿಯ ಲೆಕ್ಕ ಹಿಡಿದರೆ ಕೊಡುವವರು ಹೆಚ್ಚಾಗುತ್ತಾರೆ, ಬಡವರಿಗೇ ಒಳ್ಳೆಯದಲ್ಲವೇನಮ್ಮ" ಎಂದರು. ಆ ಭಟ್ಟಿಯವಳು ಬಡವಳಲ್ಲವೇ ಹಜರತ್ ಎಂದೆ. ಅವರು ತಟ್ಟನೆ ಉತ್ತರ ಕೊಡಲಿಲ್ಲ. ಚಿನ್ನದ ನಿಸಾಬನ್ನು ಒಪ್ಪುವ ಉಲಮಾಗಳೂ ಇದ್ದಾರೆ, ಮಸೀದಿ ಕಮಿಟಿಯ ಮುಂದೆ ಇಡುತ್ತೇನೆ ಎಂದಿದ್ದಾರೆ. ಕಮಿಟಿಯವರ ಮನೆಯ ಹೆಂಗಸರನ್ನೂ ಕೇಳಿ ಎಂದು ಸೇರಿಸಿದ್ದೇನೆ.