ಎಷ್ಟು ದೂರ ಅಂದರೆ ಏನು ಹೇಳಲಿ?

ನಾಡು ಬಿಟ್ಟು ಬಂದು ವರ್ಷಗಳಾದವು. ಮನೆಯವರು ಫೋನಿನಲ್ಲಿ ಕೇಳುವ ಪ್ರಶ್ನೆ ಮಾತ್ರ ಅದೇ: ‘ಅಲ್ಲಿಂದ ಇಲ್ಲಿಗೆ ಎಷ್ಟು ಕಿಲೋಮೀಟರ್?’ ನಾನಿರುವ ಕಡೆ ಯಾರೂ ಹಾಗೆ ಕೇಳುವುದಿಲ್ಲ, ‘ಎಷ್ಟು ಗಂಟೆ?’ ಅನ್ನುತ್ತಾರೆ. ಮೊದಮೊದಲು ನನಗಿದು ಸೋಮಾರಿತನ ಅನಿಸುತ್ತಿತ್ತು. ವಿಮಾನ ಗಂಟೆಗೆ ಸುಮಾರು 900 ಕಿಲೋಮೀಟರ್ ಹೋಗುತ್ತದೆ, ದೂರ ಗೊತ್ತಿದ್ದರೆ ಭಾಗಿಸಿದರಾಯಿತು, ಅಲ್ವಾ?

ಆಗಲಿಲ್ಲ. ಈಗ ನಾನೂ ಗಂಟೆಯ ಕಡೆಯವನೇ.

ಎರಡು ಊರುಗಳ ಹೆಸರು ಹಾಕಿ ಹುಡುಕಿದಾಗ ಸಿಗುವ ಸಂಖ್ಯೆ ಇದೆಯಲ್ಲ, ಅದು ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಎಳೆದು ಹಿಡಿದರೆ ಸಿಗುವ ಅಳತೆ. ವಿಮಾನ ಆ ದಾರದ ಮೇಲೇ ಹೋಗಬೇಕು ಅಂತೇನಿಲ್ಲ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು. 2016ರಲ್ಲಿ ಉಲ್ಟಾ ದಿಕ್ಕಿಗೆ ತಿರುಗಿ ಪೆಸಿಫಿಕ್ ಮೇಲೆ ಹೊರಟಿತು. ದಾರಿ ಸುಮಾರು 1,400 ಕಿಲೋಮೀಟರ್ ಜಾಸ್ತಿ, ಆದರೂ ಎರಡು ಗಂಟೆಯಷ್ಟು ಬೇಗ ತಲುಪಿತು! ಸುತ್ತು ಹಾಕಿಕೊಂಡು ಹೋದವನು ಮೊದಲು ಮುಟ್ಟಿದ ಹಾಗೆ.

ಗುಟ್ಟೆಲ್ಲ ಗಾಳಿಯದು. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನುವ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿರುತ್ತದೆ. ಬೆನ್ನಿಗೆ ಬಿದ್ದರೆ ಲಾಭ, ಎದುರಾದರೆ ಹೊತ್ತೂ ಹೋಯಿತು, ಇಂಧನವೂ ಹೋಯಿತು. ಲಂಡನ್–ನ್ಯೂಯಾರ್ಕ್ ನಡುವೆ ಸುಮಾರು 5,500 ಕಿಲೋಮೀಟರ್, ಹೋದರೂ ಅಷ್ಟೇ ಬಂದರೂ ಅಷ್ಟೇ. ಆದರೆ ನ್ಯೂಯಾರ್ಕಿಗೆ ಹೋಗುವಾಗ ಲಂಡನ್ನಿಗೆ ಬರುವುದಕ್ಕಿಂತ ಸುಮಾರು ಒಂದು ಗಂಟೆ ಜಾಸ್ತಿ ಬೇಕು. 2020ರ ಫೆಬ್ರುವರಿಯಲ್ಲಿ ಒಂದು ವಿಮಾನ ಈ ಗಾಳಿ ಹಿಡಿದು ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಯೊಳಗೇ ಬಂದಿಳಿದಿತ್ತು.

ಇನ್ನು ರಾಜಕೀಯ. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು. 2022ರಲ್ಲಿ ರಷ್ಯಾ ಯುರೋಪಿನ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದ ಮೇಲೆ ಅದು ಹದಿಮೂರಕ್ಕೆ ಹೋಯಿತು. ಊರುಗಳೇನೂ ದೂರ ಸರಿದಿಲ್ಲ.

ಹಾಗಂತ ಟಿಕೆಟ್ಟಿನಲ್ಲಿರುವ ಗಂಟೆಯನ್ನೂ ಪೂರ್ತಿ ನಂಬಬೇಡಿ. ಅದರಲ್ಲಿ ರನ್‌ವೇಗೆ ಹೋಗುವ ಹೊತ್ತು, ಇಳಿದ ಮೇಲೆ ಗೇಟಿಗೆ ಬರುವ ಹೊತ್ತು ಎಲ್ಲ ಸೇರಿರುತ್ತದೆ, ಜೊತೆಗೆ ತಡವಾದರೂ ಮರ್ಯಾದೆ ಉಳಿಯಲಿ ಅಂತ ಕಂಪನಿಗಳು ಸೇರಿಸುವ ಕೊಸರು ಬೇರೆ. ‘ನಾವು ಇಪ್ಪತ್ತು ನಿಮಿಷ ಮುಂಚೆ ಬಂದಿದ್ದೇವೆ’ ಅಂತ ವಿಮಾನದವರು ಹೆಮ್ಮೆಯಿಂದ ಹೇಳಿದಾಗ ನನಗೆ ಒಳಗೊಳಗೇ ನಗು. ಹೊರಡುವ ಸಮಯ ಅಲ್ಲಿನದು, ಇಳಿಯುವ ಸಮಯ ಇಲ್ಲಿನದು, ಸುಮ್ನೆ ಕಳೆದು ನೋಡಿದರೆ ತಲೆ ಕೆಡುತ್ತದೆ. ಟೋಕಿಯೋದಿಂದ ಸಂಜೆ ಹೊರಟವರು ಲಾಸ್ ಏಂಜಲೀಸ್‌ನಲ್ಲಿ ಅದೇ ದಿನ ಬೆಳಗ್ಗೆ ಇಳಿಯುವುದುಂಟು.

ಅದಕ್ಕೇ ನಾನೀಗ ಹೇಳುವ ಲೆಕ್ಕ ಒಂದೇ. ಇಲ್ಲಿ ಮನೆಗೆ ಬೀಗ ಹಾಕಿದ ಹೊತ್ತಿನಿಂದ ಅಲ್ಲಿ ಬಾಗಿಲು ತಟ್ಟುವ ಹೊತ್ತಿನವರೆಗೆ ಎಷ್ಟೋ ಅಷ್ಟು. ಹೋಗುವಾಗ ಒಂದು, ಬರುವಾಗ ಇನ್ನೊಂದು.