ಕೂಲರ್ ಅದಕ್ಕೆ, ಬೀಸಣಿಗೆ ನಮಗೆ

ಕುಣಿಯಲಾರದವರು ನೆಲ ಡೊಂಕು ಎನ್ನಬೇಕಾದರೆ ನೆಲ ಸ್ವಲ್ಪವಾದರೂ ಡೊಂಕಿರಬೇಕು. ಹಳೆಯ ಅಗ್ಗದ ಮ್ಯಾಂಡೊಲಿನ್ ಇದ್ದಾಗ ನನಗೆ ಆ ಅನುಕೂಲವಿತ್ತು. ಅಪಸ್ವರ ಬಂದರೆ ಬಿರಡೆ ಸಡಿಲ ಎನ್ನುತ್ತಿದ್ದೆ, ಕೇಳಿದವರು ನಂಬುತ್ತಿದ್ದರು. ಈಗ ಬಂದಿರುವುದು ಸ್ಪ್ರೂಸ್ ಮರದ ಮುಖ, ಮೇಪಲ್ ಮರದ ಬೆನ್ನಿನ ಕುಲೀನ ವಾದ್ಯ. 1922ರಲ್ಲಿ ಅಮೆರಿಕದ ವಾದ್ಯ ತಯಾರಕ ಗಿಬ್ಸನ್ ಕಂಪನಿ ಹೊರತಂದ ಎಫ್-5 ಮಾದರಿಯ ವಂಶದ್ದು. ಅದರ ಹೆಗಲ ಮೇಲೊಂದು ಚೆಂದದ ಸುರುಳಿ. ನಾದಕ್ಕೆ ಅದರಿಂದ ಅಂಥ ಲಾಭವೇನಿಲ್ಲವಂತೆ. ಇರಲಿ, ನನ್ನ ಸಂಗೀತದಲ್ಲಿ ಸದ್ಯ ಮೆಚ್ಚುವಂಥದ್ದು ಅದೊಂದೇ.

ಎಂಟು ತಂತಿ, ನಾಲ್ಕು ಜೋಡಿ. ಜೋಡಿಯಲ್ಲಿ ಒಂದು ಕೂದಲೆಳೆಯಷ್ಟು ಏರಿದರೂ ಇನ್ನೊಂದು ಮುನಿಸಿಕೊಳ್ಳುತ್ತದೆ. ಕರ್ನಾಟಕ ಸಂಗೀತದಲ್ಲಿ ಮ್ಯಾಂಡೊಲಿನ್‌ಗೆ ಗದ್ದುಗೆ ಕೊಡಿಸಿದ ಯು. ಶ್ರೀನಿವಾಸ್ ಜೋಡಿಗಳನ್ನೇ ಕೈಬಿಟ್ಟು ಒಂಟಿ ತಂತಿಗಳ ವಿದ್ಯುತ್ ವಾದ್ಯ ನುಡಿಸಿದರು. ಅವರಿಗೆ ಬೇಕಿದ್ದದ್ದು ಸ್ವರ ಬಳುಕಿಸುವ ಗಮಕ. ನನಗೆ ಬೇಕಿರುವುದು ನೆಮ್ಮದಿ.

ಆದರೂ ಸುಖವಿದೆ. ಬೆರಳಿಡದೆ ಬರಿ ತಂತಿಯನ್ನು ಮೀಟಿದರೆ ಸಾಕು, ಪಕ್ಕೆಲುಬಿಗೆ ಒರಗಿದ ಮರ ಸಣ್ಣಗೆ ನಡುಗಿ ಆ ನಾದ ಎದೆಯೊಳಗೇ ಹೊಕ್ಕಂತಾಗುತ್ತದೆ. ಬೆರಳಿಟ್ಟರೆ ಇಷ್ಟು ಚೆನ್ನಾಗಿರುವುದಿಲ್ಲ. ಹಾಗಾಗಿ ಬೆರಳಿಡುವ ಕೆಲಸವನ್ನು ಆದಷ್ಟು ಮುಂದೂಡುತ್ತಿದ್ದೇನೆ.

ನಿಜವಾದ ಪರೀಕ್ಷೆ ಬಂದದ್ದು ಬೇಸಿಗೆಯಲ್ಲಿ. ಇಂಥ ಮರಕ್ಕೆ ಗಾಳಿಯಲ್ಲಿ ಶೇಕಡಾ 45ರಿಂದ 50ರಷ್ಟು ತೇವ ಬೇಕು. ಒಣಗಿದರೆ ಸೀಳು ಬಿಡಬಹುದು. ಪಾದರಸ 42 ಡಿಗ್ರಿ ದಾಟುವ ಕಲಬುರಗಿಯ ಮೇ ತಿಂಗಳಿಗೆ ಇದನ್ನು ತಿಳಿಸಿ ಹೇಳುವವರು ಯಾರು? ಮನೆಯ ಒಂದೇ ಕೂಲರ್ ಅದರ ಕೋಣೆಗೆ ಹೋಯಿತು. ನಳಕ್ಕೆ ನೀರು ಬಂದರೆ ಮೊದಲ ಕೊಡ ಕೂಲರ್‌ಗೆ. ಗೋಡೆಯ ಮೇಲೆ ತೇವಾಂಶ ಮಾಪಕ. ನಾವು ಪಡಸಾಲೆಯಲ್ಲಿ ಬೀಸಣಿಗೆ ಹಿಡಿದು ಕುಳಿತೆವು. "ರೀ, ಆ ಮ್ಯಾಂಡೊಲಿನ್ ಪೆಟ್ಟಿಗೆಯಲ್ಲಿ ಇನ್ನೊಬ್ಬರಿಗೆ ಜಾಗವಿದೆಯೇ ನೋಡಿ" ಎಂದು ಹೆಂಡತಿ ಕೇಳಿದ್ದು ತಮಾಷೆಗಲ್ಲ ಎಂದು ನನ್ನ ಅನುಮಾನ.

ಮಾಪಕದ ಮುಳ್ಳು 50ಕ್ಕೆ ಬಂದು ನಿಂತ ಖುಷಿಯಲ್ಲಿ ನಾನಿದ್ದಾಗ ಅಟ್ಟದ ಕಡೆಯಿಂದ ಅವ್ವನ ಕೂಗು. ವರ್ಷಕ್ಕಾಗುವಷ್ಟು ಹಪ್ಪಳದ ಡಬ್ಬಿ ಅದೇ ಕೋಣೆಯ ಅಟ್ಟದಲ್ಲಿತ್ತು. ಒಂದನ್ನೆತ್ತಿ ನನ್ನ ಮುಂದೆ ಹಿಡಿದಳು. ಮುರಿಯಬೇಕಾದ ಹಪ್ಪಳ ಕರವಸ್ತ್ರದ ಹಾಗೆ ಜೋತುಬಿತ್ತು. "ತಮ್ಮಾ, ಬಿಸಿಲಿಗೆ ಒಣಗಿಸಿದ್ದು ನಾನು, ನೆನೆಸಿದ್ದು ನೀನು. ಇದೇನು ನ್ಯಾಯ?"

ಹಪ್ಪಳಗಳು ಮತ್ತೆ ಮಾಳಿಗೆ ಹತ್ತಿ ಒಣಗಿ ಬಂದವು. ಹಳೆಯ ಮ್ಯಾಂಡೊಲಿನ್ ಅಕ್ಕನ ಮಗನ ಪಾಲಾದ ಮೇಲೆ ಅದರ ಗಟ್ಟಿ ಪೆಟ್ಟಿಗೆ ಖಾಲಿ ಬಿದ್ದಿತ್ತು. ಅವ್ವ ಅದಕ್ಕೆ ಬಟ್ಟೆ ಹಾಸಿ, ಹಪ್ಪಳ ಜೋಡಿಸಿ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದಾಳೆ. ಈಗ ಬಂದ ನೆಂಟರು "ಏನಾದರೂ ನುಡಿಸಿರಲ್ಲ" ಎಂದರೆ ಆ ಪೆಟ್ಟಿಗೆಯನ್ನೇ ತಂದು ತೆರೆಯುತ್ತಾಳೆ, ನಾಲ್ಕು ಕರಿದು ಕೊಡುತ್ತಾಳೆ. ಇದುವರೆಗೆ ಯಾರೂ ಸಂಗೀತವನ್ನು ಮತ್ತೆ ಕೇಳಿಲ್ಲ.