ಅದು ಚರ್ಮ ಅಲ್ಲ, ನಾರಿನ ಹೆಣಿಗೆ

ತಲೆಯಿಂದ ಸೊಂಟದವರೆಗೆ ಬಲೆಯಂಥ ವೇಷ, ಕೆಳಗೆ ಗರಿಗಳ ಲಂಗ. ಈ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಜೊತೆಗೆ ಒಂದು ಸಾಲು: "ಅಸ್ಮಾತ್ ಜನ ಸತ್ತವರ ಚರ್ಮ ತೊಟ್ಟು ಶತ್ರುಗಳನ್ನು ಹೆದರಿಸುತ್ತಾರೆ." ಇದು ಶುದ್ಧ ತಪ್ಪು. ಓದಿ ತುಂಬಾ ಬೇಜಾರಾಯಿತು.

ಅಸ್ಮಾತರು ಇಂಡೋನೇಷ್ಯಾದ ಪಪುವಾದಲ್ಲಿ, ನೈಋತ್ಯ ಕರಾವಳಿಯ ಜೌಗು ಕಾಡಿನಲ್ಲಿ ಇರುವವರು. ಈ ವೇಷದಲ್ಲಿ ಚರ್ಮವೇ ಇಲ್ಲ. ಗಿಡದ ನಾರನ್ನು ಹೊಸೆದು, ಗಂಟು ಗಂಟಾಗಿ ಮೈಗೆ ಹೊಂದುವಂತೆ ಹೆಣೆಯುತ್ತಾರೆ. ಕಣ್ಣಿನ ಜಾಗಕ್ಕೆ ಮರದ ಕೆತ್ತನೆ. ಲಂಗಕ್ಕೆ ಸಾಗೋ ತಾಳೆಯ ಗರಿ. ಬಿಳಿ ಬಣ್ಣಕ್ಕೆ ಚಿಪ್ಪಿನ ಸುಣ್ಣ, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಇದ್ದಿಲು.

ಈ ವೇಷ ತೊಡುವ ಹಬ್ಬದ ಹೆಸರು ಜಿಪೈ. ಈಚೆಗೆ ತೀರಿಕೊಂಡವರ ಆತ್ಮ ಇನ್ನೂ ಊರ ಸುತ್ತಲೇ ಇರುತ್ತದೆ ಎಂದು ಅಸ್ಮಾತರು ನಂಬುತ್ತಾರೆ. ಹಾಗಾಗಿ ಗಂಡಸರು ಗುಟ್ಟಾಗಿ ವೇಷ ಹೆಣೆದು, ಒಂದೊಂದಕ್ಕೂ ತೀರಿಕೊಂಡ ಒಬ್ಬೊಬ್ಬರ ಹೆಸರಿಡುತ್ತಾರೆ. ವೇಷಧಾರಿ ಕಾಡಿನಿಂದ ಬಂದರೆ, ಮನೆಯವರಿಗೆ ಬಂದದ್ದು ಅಪ್ಪನೋ ಅಣ್ಣನೋ. ಊಟ ಕೊಡುತ್ತಾರೆ, ಡೋಲಿನ ಸದ್ದಿಗೆ ರಾತ್ರಿಯಿಡೀ ಜೊತೆಗೆ ಕುಣಿಯುತ್ತಾರೆ. ಬೆಳಗಾದಾಗ ಹಿರಿಯರ ಲೋಕವಾದ ಸಫಾನಿಗೆ ಕಳಿಸಿಕೊಡುತ್ತಾರೆ. ನಮ್ಮವರನ್ನು ಕೊನೇ ಸಲ ಕಳಿಸಿಕೊಟ್ಟ ಹಾಗೆಯೇ, ಅಲ್ವಾ?

ಹಿಂದೆ ಅಲ್ಲಿ ತಲೆ ಕಡಿಯುವ ಪದ್ಧತಿ ಇದ್ದದ್ದು ನಿಜ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಈ ಕುಣಿತ ಹೆದರಿಸಲು ಅಲ್ಲ, ಬೀಳ್ಕೊಡಲು. ಎಷ್ಟೋ ಕಡೆ ವೇಷ ತೊಟ್ಟವನು ತೀರಿಕೊಂಡವನ ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನೂ ಹೊರುತ್ತಾನೆ. ಆ ಸಾಲನ್ನು ದಯವಿಟ್ಟು ಸುಮ್ನೆ ಮುಂದೆ ಕಳಿಸಬೇಡಿ.